ಮೆಚ್ಚುಗೆಯ ಹಾಳೆ

ಚಾಕೊಲೇಟ್ ಪೊಟ್ಟಣವನ್ನು ಯಾವಾಗ ಕೊಡಬೇಕು ಎಂಬುದೇ ಸಾಹೇಬರಿಗೆ ಬಗೆಹರಿಯಲಿಲ್ಲ. ಹತ್ತುವಾಗಲೇ ಕೊಟ್ಟರೆ ಲಂಚದ ಹಾಗೆ, ಇಳಿಯುವಾಗ ಕೊಟ್ಟರೆ ಹೋಟೆಲಿನ ಮಾಣಿಗೆ ತಟ್ಟೆಯಲ್ಲಿ ಬಿಟ್ಟುಹೋಗುವ ಚಿಲ್ಲರೆಯ ಹಾಗೆ. ನಡುವೆ ಕೊಡೋಣವೆಂದರೆ ಆಕಾಶದಲ್ಲಿ ನಡು ಎಲ್ಲಿ ಬರುತ್ತದೋ ಯಾರು ಕಂಡರು. ಹಲ್ಲಿನ ಡಾಕ್ಟರಾದ ಮಗಳ ಮನೆಯಲ್ಲಿ ಇಪ್ಪತ್ತು ದಿನ ಇದ್ದು ಈಗ ಹೆಂಡತಿಯೊಡನೆ ವಾಪಸು ಹೊರಟಿದ್ದರು. ಟ್ಯಾಕ್ಸಿಯ ಕಿಟಕಿಯಿಂದ ಪೊಟ್ಟಣವನ್ನು ತೊಡೆಯ ಮೇಲಿಟ್ಟು ಮಗಳು ಹೇಳಿದ್ದಳು: "ಅಪ್ಪಾ, ವಿಮಾನದಲ್ಲಿ ಕೆಲಸ ಮಾಡೋ ಹುಡುಗೀರಿಗೆ ಇದು ಕೊಡಿ. ಮುಖ ನೋಡಿ ನಮಸ್ಕಾರ ಹೇಳಿ. ಹೆಸರು ಹಿಡಿದು ಮಾತಾಡಿಸಿ. ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕು ಸಾಲು ಬರೆದು ಕೊಡಿ, ಅವರಿಗೆ ಅದೇ ದೊಡ್ಡದು. ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಬಂದ್ರೆ ಆಕಾಶವೇನೂ ಕಳಚಿ ಬೀಳಲ್ಲ." ಆಕಾಶದಲ್ಲೇ ಹೋಗುವವರಿಗೆ ಹೇಳುವ ಮಾತೇ ಇದು ಎಂದು ಸಾಹೇಬರಿಗೆ ಸಿಟ್ಟು ಬಂದಿತ್ತು. ಆದರೂ ಅವಳು ಹೇಳಿದ್ದಕ್ಕೆಲ್ಲ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ನಂಬರು ಹಾಕಿ ಇಟ್ಟುಕೊಂಡಿದ್ದರು. ನಂಬರು ಹಾಕದ ಮಾತು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ವಿಮಾನದ ಬಾಗಿಲಲ್ಲಿ, ಹಿಂದಿನವರ ಪೆಟ್ಟಿಗೆ ಮೊಣಕಾಲಿಗೆ ಬಡಿದ ಗಾಬರಿಯಲ್ಲಿ, ಅಲ್ಲಿ ನಿಂತಿದ್ದ ಹಿರಿಯ ಗಗನಸಖಿಯ ಕೈಗೆ ಪೊಟ್ಟಣವನ್ನು ತುರುಕಿ "ಇದು..." ಎಂದರು. "ಮೇಲೆ ಇಡ್ಬೇಕಾ ಸರ್?" ಎಂದಳು ಆಕೆ. "ಅಲ್ಲ, ತಿನ್ನೋಕೆ" ಎಂದರು ಸಾಹೇಬರು. "ಓ! ತುಂಬಾ ಥ್ಯಾಂಕ್ಸ್ ಸರ್" ಎಂದಳು. ಆ 'ಓ' ಒಳಗೆ ಇದ್ದದ್ದು ಸಂತೋಷವೋ, ಅನುಮಾನವೋ, ಮುದುಕನಿಗೆ ತಲೆ ಸರಿಯಿಲ್ಲ ಎಂಬ ಕನಿಕರವೋ ಎಂದು ತೂಗಿ ನೋಡುತ್ತಾ ಅವರು ಇಪ್ಪತ್ತೇಳನೆಯ ಸಾಲಿನವರೆಗೂ ನಡೆದರು.

ಕೊಟ್ಟ ಮೇಲೆ ಸುಮ್ಮನಿರುವುದು ಕೊಡುವುದಕ್ಕಿಂತ ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ. ಪರದೆಯ ಆಚೆ ಪೊಟ್ಟಣ ಒಡೆಯುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕುಳಿತರು. ಇಪ್ಪತ್ತೇಳು ಸಿ ನಂಬರಿನವರು ಕೊಟ್ಟದ್ದು ಎಂದು ಯಾರಾದರೂ ಯಾರಿಗಾದರೂ ಹೇಳಿರಬಹುದು. ಹಿಂಭಾಗವನ್ನು ನೋಡಿಕೊಳ್ಳುತ್ತಿದ್ದ ಹುಡುಗಿ, ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು, ಬೆಲ್ಟು ಕಟ್ಟಿದ್ದಾರೆಯೇ ಎಂದು ನೋಡಲು ಬಂದಾಗ ಸಾಹೇಬರು ಪೊಟ್ಟಣ ಕೊಟ್ಟವರ ಮುಖ ಮಾಡಿಕೊಂಡರು. ಅವಳು ನಕ್ಕಳು. ಅವರಿಗೆ ಹಿತವಾಯಿತು. ಆಮೇಲೆ ಇಪ್ಪತ್ತಾರನೆಯ ಸಾಲಿನಲ್ಲಿ ಕಾಲು ಚಾಚಿ ದಾರಿಗೆ ಅಡ್ಡವಾಗಿದ್ದ ದಡಿಯನಿಗೂ ಅದೇ ನಗು ನಕ್ಕಳು, ನೀರು ತರಲಿಲ್ಲವೆಂದು ಗದರಿಸಿದವನಿಗಂತೂ ಅರ್ಧ ಹಿಡಿ ಹೆಚ್ಚೇ ನಕ್ಕಳು. ಕೊಟ್ಟವನಿಗೂ ಕೊಡದವನಿಗೂ ಒಂದೇ ನಗು ಎಂದಮೇಲೆ ಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆಯೇ ಆಯಿತಲ್ಲ ಎಂದು ಅವರಿಗೆ ಕಸಿವಿಸಿಯಾಯಿತು. ಕಸಿವಿಸಿಯಾದದ್ದಕ್ಕೆ ನಾಚಿಕೆಯೂ ಆಯಿತು. ಮೂರನೆಯ ನಂಬರಿನ ಕೆಲಸ, ಹೆಸರು ಹಿಡಿದು ಮಾತಾಡಿಸುವುದು, ಇನ್ನೂ ಬಾಕಿಯಿತ್ತು. ಆದರೆ ಹೆಸರಿನ ಪಟ್ಟಿಯನ್ನು ಅವಳು ಎದೆಯ ಮೇಲೆ ಚುಚ್ಚಿಕೊಂಡಿದ್ದಳು, ಅಕ್ಷರಗಳು ಸಾಸಿವೆಯಷ್ಟಿದ್ದವು. ಅದನ್ನು ಓದಬೇಕಾದರೆ ಅರವತ್ತಾರು ವರ್ಷದ ಗಂಡಸು ಕನ್ನಡಕ ಏರಿಸಿ ಎಲ್ಲಿ ನೋಡಬೇಕಾಗುತ್ತದೆ ಎಂಬುದನ್ನು ಮಗಳು ಯೋಚಿಸಿಯೇ ಇರಲಿಲ್ಲ.

ಇಲಾಖೆಯಲ್ಲಿ ಅವರಿಗೆ ಸಾಧಾರಣ ಸಾಹೇಬರು ಎಂದು ಹೆಸರು. ಕೈಕೆಳಗಿನವರ ವಾರ್ಷಿಕ ವರದಿಯ ಕೊನೆಯ ಕಾಲಮ್ಮಿನಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ, ಅತೃಪ್ತಿಕರ ಎಂಬ ನಾಲ್ಕರಲ್ಲಿ ಒಂದನ್ನು ಬರೆಯಬೇಕು. ಮೂವತ್ತೊಂದು ವರ್ಷ ಅವರು ಎಲ್ಲರಿಗೂ ಮೂರನೆಯದನ್ನೇ ಬರೆದಿದ್ದರು. ಅದರಲ್ಲಿ ದ್ವೇಷವಿರಲಿಲ್ಲ. ಸಂಬಳ ತೆಗೆದುಕೊಂಡು ಕೆಲಸ ಮಾಡುವವರು ಕೆಲಸ ಮಾಡಿದ್ದಾರೆ, ಅದರಲ್ಲಿ ಮೆಚ್ಚುವುದೇನು ಎಂಬುದು ಅವರ ನಿಲುವು. ಮೆಚ್ಚಿದರೆ ನಾಳೆ ತಲೆಯ ಮೇಲೆ ಕೂರುತ್ತಾರೆ ಎಂಬುದು ಅದರ ಕೆಳಗಿನ ಭಯ. ಟೈಪಿಸ್ಟ್ ಹೆಂಗಸು ಒಂದು ಮಧ್ಯಾಹ್ನ ಮೇಜಿನ ಮುಂದೆ ಬಂದು ನಿಂತಿದ್ದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, "ಒಂದು ಪದ ಸರ್. ಒಂದೇ ಒಂದು ಪದ ಬದಲಾಯಿಸಿದ್ರೆ ನನಗೆ ಬಡ್ತಿ ಸಿಗುತ್ತೆ" ಎಂದಿದ್ದಳು. "ಬರೆದದ್ದನ್ನ ತಿದ್ದೋ ಅಭ್ಯಾಸ ನನಗಿಲ್ಲಮ್ಮ" ಎಂದು ಇವರು ಫೈಲಿನಿಂದ ತಲೆಯೆತ್ತದೆ ಹೇಳಿದ್ದರು. ಆ ಅಭ್ಯಾಸದ ಬಗ್ಗೆ ಬಹಳ ದಿನ ಹೆಮ್ಮೆಪಟ್ಟಿದ್ದರು ಕೂಡ. ಅವಳು ಟೈಪಿಸ್ಟಾಗಿಯೇ ನಿವೃತ್ತಳಾದಳು. ಬೀಳ್ಕೊಡುಗೆಯ ದಿನ ಇವರು ಎರಡು ನಿಮಿಷ ಮಾತಾಡಿ, ಅದರಲ್ಲಿ ಒಂದೂವರೆ ನಿಮಿಷ ಟೈಪ್‌ರೈಟರಿನ ನಿರ್ವಹಣೆಯ ಬಗ್ಗೆ ಹೇಳಿದ್ದರು. ಇದು ಈಗ ಯಾಕೆ ನೆನಪಾಗಬೇಕು ಎಂದು ಸಾಹೇಬರು ಕಿಟಕಿಯ ಕಡೆ ತಿರುಗಿದರು. ಕಿಟಕಿಯ ಪಕ್ಕ ಹೆಂಡತಿ ವಾಂತಿಯಾಗದಿರಲೆಂದು ನುಂಗಿದ ಮಾತ್ರೆಯ ಮಂಪರಿನಲ್ಲಿ ಬಾಯಿ ಅರೆತೆರೆದು ಮಲಗಿದ್ದಳು. ನಡುವಿನ ಸೀಟು ಖಾಲಿಯಿತ್ತು. ಕೆಳಗೆ ಮೋಡ ಬಿಟ್ಟರೆ ಇನ್ನೇನೂ ಇರಲಿಲ್ಲ.

ಹನ್ನೊಂದೂವರೆಯ ಸುಮಾರಿಗೆ ವಿಮಾನ ಕುಲುಕತೊಡಗಿತು. ತಲೆಯ ಮೇಲೆ ಸೀಟ್‌ಬೆಲ್ಟಿನ ದೀಪ ಹತ್ತಿತು. ಕ್ಯಾಪ್ಟನ್ನಿನ ದನಿ ಬಂದು, ಯಾರೂ ಏಳಕೂಡದು, ಸಿಬ್ಬಂದಿಯೂ ಕುಳಿತುಕೊಳ್ಳಬೇಕು ಎಂದಿತು. ಸಾಹೇಬರಿಗೆ ಅದೇ ಹೊತ್ತಿಗೆ ಸರಿಯಾಗಿ ಮೂತ್ರಕ್ಕೆ ಅವಸರವಾಗಿತ್ತು. ಅದು ಇತ್ತೀಚಿನ ಅವಸರ, ಮೊದಲಿನ ಹಾಗೆ ಮುಂಚೆ ಹೇಳಿಕಳಿಸಿ ಬರುವಂಥದ್ದಲ್ಲ. ಅಮ್ಮನಿಗೆ ವಾಂತಿ ಬಂದರೆ ಟಾಯ್ಲೆಟ್ಟು ಹತ್ತಿರವಿರಲೆಂದು ಮಗಳು ಕೊನೆಯ ಸಾಲು ನೋಡಿಯೇ ಟಿಕೆಟ್ ತೆಗೆಸಿದ್ದಳು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು, ನಡುವೆ ಒಂದು ದೀಪ. ಆ ದೀಪವನ್ನು ದಾಟುವುದು ಸಾಹೇಬರಿಂದ ಸಾಧ್ಯವಿರಲಿಲ್ಲ. ಬೇರೆ ಯಾರಾದರೂ ದೇಹದ ಕಟ್ಟಳೆಯನ್ನೇ ದೊಡ್ಡದು ಮಾಡಿ ಎದ್ದು ಹೋಗುತ್ತಿದ್ದರು. ಸಾಹೇಬರು ನಿಮಿಷಗಳನ್ನು ಎಣಿಸಿದರು, ಇಲಾಖೆಯ ಸುತ್ತೋಲೆಗಳನ್ನು ತಾರೀಖಿನ ಪ್ರಕಾರ ನೆನಪಿಸಿಕೊಂಡರು, ತೊಡೆಯ ಮೇಲೆ ತೊಡೆ ಹಾಕಿದರು, ಹಲ್ಲು ಕಚ್ಚಿದರು. ವಿಮಾನ ಒಮ್ಮೆ ದೊಪ್ಪನೆ ಕೆಳಗಿಳಿದಾಗ ಬಿಸಿಯಾದದ್ದೇನೋ ಹರಿದದ್ದು ಗೊತ್ತಾಯಿತು. ಸ್ವಲ್ಪವೇ. ಆದರೆ ಪ್ಯಾಂಟು ತಿಳಿ ಬೂದು ಬಣ್ಣದ್ದು.

ತಲೆಯೆತ್ತಿದಾಗ ಹಿಂಭಾಗದ ಹುಡುಗಿ ಸಿಬ್ಬಂದಿಯ ಮಡಚುವ ಸೀಟಿನಿಂದ ಕತ್ತು ಚಾಚಿ ಅವರ ಮುಖವನ್ನೇ ನೋಡುತ್ತಿದ್ದಳು. ಬೆಲ್ಟು ಬಿಚ್ಚಿದಳು, ಸೀಟುಗಳ ಬೆನ್ನು ಹಿಡಿದು ತೂರಾಡುತ್ತಾ ಬಂದು ಬಗ್ಗಿ, ಪಕ್ಕದವರಿಗೂ ಕೇಳಿಸದ ಹಾಗೆ ಹೇಳಿದಳು: "ಏಳಿ ಸರ್. ನಾನು ಹಿಡ್ಕೋತೀನಿ."

"ದೀಪ ಉರೀತಿದೆಯಲ್ಲಮ್ಮ" ಎಂದರು ಸಾಹೇಬರು. ಅವರ ದನಿ ಅಳುವ ಮಗುವಿನದಾಗಿತ್ತು.

"ಉರೀಲಿ ಬಿಡಿ. ಬನ್ನಿ."

ನಾಲ್ಕು ಹೆಜ್ಜೆ ಅವಳ ಭುಜದ ಮೇಲೆ ಭಾರ ಹಾಕಿ ನಡೆದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಕನ್ನಡಿಯ ಮುಂದೆ, ಅಂಗೈ ಅಗಲದ ಒದ್ದೆಯನ್ನು ಕಾಗದದಿಂದ ಒತ್ತಿದರು. ಕಾಗದ ಚೂರುಚೂರಾಗಿ ಬಟ್ಟೆಗೆ ಅಂಟಿ ಒದ್ದೆ ಇನ್ನಷ್ಟು ಎದ್ದು ಕಂಡಿತು. ಹೊರಗೆ ಬಂದಾಗ ಅವಳು ಅಲ್ಲೇ ಗೋಡೆ ಹಿಡಿದು ನಿಂತಿದ್ದಳು. ಪ್ಯಾಂಟನ್ನು ನೋಡಲಿಲ್ಲ. ನೋಡದೇ ಇರಬೇಕಾದರೆ ಮೊದಲು ನೋಡಿರಬೇಕು ಎಂದು ಸಾಹೇಬರಿಗೆ ಹೊಳೆದು ಮೈಯೆಲ್ಲ ಕುಗ್ಗಿಹೋಯಿತು. ಸೀಟಿಗೆ ಬಂದು ದಿನಪತ್ರಿಕೆಯನ್ನು ಮಡಿಲ ಮೇಲೆ ಹರಡಿಕೊಂಡು, ಹೆಂಡತಿ ಏಳದಿರಲಿ, ಬಟ್ಟೆ ಬೇಗ ಒಣಗಲಿ ಎಂಬ ಎರಡೇ ಪ್ರಾರ್ಥನೆಯಲ್ಲಿ ಕುಳಿತರು. ದೇವರು ಎರಡನ್ನೂ ಕೇಳಲಿಲ್ಲ. ಕುಲುಕಾಟ ನಿಂತು, ದೀಪ ಆರಿ, ತಳ್ಳುಗಾಡಿ ಬಂದ ಸದ್ದಿಗೆ ಹೆಂಡತಿ ಕಣ್ಣುಬಿಟ್ಟು ನೀರು ಕೇಳಿದಳು.

ಹುಡುಗಿ ಲೋಟದಲ್ಲಿ ನೀರು ತುಂಬಿದಳು. ಮಡಿಲ ಮೇಲಿನ ಪತ್ರಿಕೆಯನ್ನು ನೋಡಿದಳು, ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ ಸಾಹೇಬರನ್ನು ನೋಡಿದಳು. "ಟೇಬಲ್ ಬಿಡಿಸ್ತೀನಿ ಸರ್" ಎಂದು ಎಡಗೈಯಲ್ಲಿ ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದಳು. ಮರುಕ್ಷಣ ಲೋಟ ವಾಲಿ ನೀರೆಲ್ಲ ಅವರ ಪ್ಯಾಂಟಿನ ಮೇಲಾಯಿತು. "ಅಯ್ಯೋ! ಸಾರಿ ಸರ್, ಸಾರಿ! ಪೂರ್ತಿ ನನ್ನದೇ ತಪ್ಪು, ಕೈ ಜಾರ್ತು!" ಎಂದು ನಾಲ್ಕು ಸಾಲಿಗೆ ಕೇಳಿಸುವ ಹಾಗೆ ಕೂಗಿದಳು. ಸಾಹೇಬರ ಬಾಯಿಗೆ ಅಭ್ಯಾಸದ ಗದರಿಕೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳು ಪತ್ರಿಕೆಯನ್ನು ಮೊದಲೇ ಸರಿಸಿದ್ದು ಯಾಕೆಂದು ಅರ್ಥವಾಗಿ, ಬಂದ ಮಾತು ಗಂಟಲಲ್ಲೇ ನಿಂತಿತು. ಈಗ ಇಡೀ ಪ್ಯಾಂಟು ಒದ್ದೆ. ಯಾರಿಗೂ ಅನುಮಾನ ಬಾರದಂಥ, ಮರ್ಯಾದೆಯ, ತಣ್ಣಗಿನ ಒದ್ದೆ.

"ಏನಮ್ಮಾ, ಕಣ್ಣು ಎಲ್ಲಿಟ್ಕೊಂಡಿದ್ದೆ?" ಎಂದು ಹೆಂಡತಿ ಏರಿದ ದನಿಯಲ್ಲಿ ಹಿಡಿದುಕೊಂಡಳು. "ವಯಸ್ಸಾದೋರ ಮೇಲೆ ಹೀಗಾ ಚೆಲ್ಲೋದು? ಶೀತ ಆದ್ರೆ ಯಾರು ಜವಾಬ್ದಾರಿ?" ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಟವೆಲು ತಂದುಕೊಟ್ಟು ಹೋದಳು. "ಸುಮ್ನೆ ಬಿಡ್ಬೇಡಿ ರೀ. ಬರೆದು ಕೊಡಿ. ಬರೆಯೋದ್ರಲ್ಲಿ ನಿಮ್ಮದು ಎತ್ತಿದ ಕೈ ಅಲ್ವಾ?" ಎಂದಳು ಹೆಂಡತಿ, ಮತ್ತೆ ಕಣ್ಣು ಮುಚ್ಚುತ್ತಾ.

ಸಾಹೇಬರು ಬರೆಯಬೇಕೆಂದೇ ನಿರ್ಧರಿಸಿದ್ದರು. ಎದೆಯಲ್ಲಿ ಏನೋ ಉಕ್ಕಿ ಬರುತ್ತಿತ್ತು, ಅದಕ್ಕೆ ಏನು ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಬಂದಾಗಲೆಲ್ಲ ಅವರು ಹಾಳೆ ಕೇಳುತ್ತಿದ್ದರು. ಗುಂಡಿ ಒತ್ತಿ ಹಿರಿಯ ಗಗನಸಖಿಯನ್ನು ಕರೆಸಿ, ಪ್ರಯಾಣಿಕರ ಅನಿಸಿಕೆಯ ಪುಸ್ತಕ ತರಿಸಿದರು. ಹಿಂದೆ ಹುಡುಗಿಯ ಮುಖ ಬಿಳಿಚಿಕೊಂಡದ್ದು ಕಂಡು, ಹೆದರಬೇಡ ಎಂಬ ಹಾಗೆ ಕೈಯಾಡಿಸಿದರು. ಹೆಸರನ್ನೂ ಹಿರಿಯಳಿಂದಲೇ ಕೇಳಿ ತಿಳಿದುಕೊಂಡರು, ಎದೆ ನೋಡುವ ಕಷ್ಟ ತಪ್ಪಿತು. ಪುಸ್ತಕದ ಹಾಳೆಗಳಿಗೆ ಅಚ್ಚಾದ ನಂಬರುಗಳಿದ್ದವು, ಕೆಳಗೆ ಪ್ರತಿ ಮೂಡುವ ಇನ್ನೊಂದು ಹಾಳೆಯಿತ್ತು. ಎಷ್ಟು ಅಚ್ಚುಕಟ್ಟು ಎಂದು ಅವರಿಗೆ ಖುಷಿಯಾಯಿತು. ಪೆನ್ನು ತೆಗೆದರು. ಅತ್ಯಂತ ಒಳ್ಳೆಯ ಹುಡುಗಿ ಎಂದು ಬರೆಯಹೋಗಿ, ಆಧಾರವಿಲ್ಲದ ವಿಶೇಷಣ ಎಂದು ಬಿಟ್ಟರು. ನೀರಿನ ವಿಷಯ ಬರೆಯುವಂತಿರಲಿಲ್ಲ. ನೀರಿನ ಹಿಂದಿನ ವಿಷಯವಂತೂ ಸತ್ತರೂ ಬರೆಯುವಂತಿರಲಿಲ್ಲ. ಉಳಿದದ್ದು ಆಧಾರವಿದ್ದ ಸಂಗತಿ. ಅದನ್ನು ಅವರು ಮೂವತ್ತೊಂದು ವರ್ಷದ ಕೈಯಿಂದ ಬರೆದರು: "ಬೆಳಿಗ್ಗೆ 11 ಗಂಟೆ 42 ನಿಮಿಷಕ್ಕೆ, ಸೀಟ್‌ಬೆಲ್ಟಿನ ದೀಪ ಉರಿಯುತ್ತಿದ್ದು, ಸಿಬ್ಬಂದಿಯೂ ಆಸನ ಬಿಟ್ಟು ಏಳಕೂಡದೆಂದು ಕ್ಯಾಪ್ಟನ್‌ರವರ ಸ್ಪಷ್ಟ ಆದೇಶವಿದ್ದಾಗ್ಯೂ, ಸದರಿ ಸಿಬ್ಬಂದಿಯು ತಮ್ಮ ಆಸನವನ್ನು ತೊರೆದು ಬಂದು, 27 ಸಿ ಆಸನದ ಪ್ರಯಾಣಿಕನಾದ ನನ್ನನ್ನು, ನಾನು ದೀಪದ ಕಡೆ ಗಮನ ಸೆಳೆದರೂ ಸಹ ಲೆಕ್ಕಿಸದೆ, ಎಬ್ಬಿಸಿ ಶೌಚಾಲಯದವರೆಗೆ ಕರೆದೊಯ್ದಿರುತ್ತಾರೆ. ಇದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ." ಎರಡು ಸಲ ಓದಿದರು. ಕಣ್ಣು ಒದ್ದೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಮೆಚ್ಚಿ ಬರೆದಿದ್ದರು, ಅದೂ ಒಂದೂ ಚಿತ್ತಿಲ್ಲದೆ.

ಹಿರಿಯ ಗಗನಸಖಿ ಓದುತ್ತಾ ಹೋದ ಹಾಗೆ ಆಕೆಯ ನಗು ಒಂದೊಂದೇ ಸಾಲಿಗೆ ಕಳಚಿಬಿತ್ತು. ಓದಿ ಮುಗಿಸಿ ಸಾಹೇಬರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಸರ್, ಇದನ್ನ ನೀವು ಹೊಗಳಿಕೆ ಅಂತ ಬರೆದ್ರಾ?"

"ಹೌದಮ್ಮ. ಯಾಕೆ?"

"ಇದು ಮೆಮೋ ಸರ್. ನಾವು ಇಳಿದ ತಕ್ಷಣ ಈ ಹಾಳೆ ಆಫೀಸಿಗೆ ಹೋಗುತ್ತೆ. ಕ್ಯಾಪ್ಟನ್ ಹೇಳಿದ ಮೇಲೂ ಎದ್ದಿದ್ದಾಳೆ, ಪ್ಯಾಸೆಂಜರನ್ನೂ ಎಬ್ಬಿಸಿದ್ದಾಳೆ. ಟೈಮ್ ಬೇರೆ ಬರೆದಿದ್ದೀರ. ಅವಳಿನ್ನೂ ಪ್ರೊಬೇಷನ್ನಲ್ಲಿದ್ದಾಳೆ ಸರ್. ಹೋದ ತಿಂಗಳು ಒಂದು ಬಿದ್ದಿದೆ. ಇನ್ನೊಂದು ಬಿದ್ರೆ ಮನೆಗೆ ಕಳಿಸ್ತಾರೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಸಾಹೇಬರಿಗೆ ನಿಧಾನವಾಗಿ ಅರ್ಥವಾಯಿತು. "ಹರಿದು ಹಾಕಿ" ಎಂದರು. ಆ ಮಾತು ತಮ್ಮ ಬಾಯಿಂದ ಬಂತೇ ಎಂದು ಅವರಿಗೇ ಬೆರಗು. "ನಂಬರ್ ಇದೆಯಲ್ಲ ಸರ್, ಹರಿದ್ರೆ ನನ್ನ ಕೆಲಸ ಹೋಗುತ್ತೆ" ಎಂದಳು ಆಕೆ. ಪರದೆಯ ಹತ್ತಿರ ಹುಡುಗಿ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಅವಳು ಅಳುತ್ತಿರಲಿಲ್ಲ, ಸಮವಸ್ತ್ರದ ಅಂಗಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸಾಹೇಬರಿಗೆ ಅತ್ತ ನೋಡಲಾಗಲಿಲ್ಲ. "ಕೆಳಗೆ ಹೆಚ್ಚಿನ ವಿವರ ಅಂತ ಜಾಗ ಇದೆ" ಎಂದು ಹಿರಿಯಳು ದನಿ ತಗ್ಗಿಸಿ ಹೇಳಿದಳು. "ತುರ್ತು ಏನಾದ್ರೂ ಇತ್ತಾ ಸರ್? ಆರೋಗ್ಯದ ವಿಷಯ ಆಗಿದ್ರೆ ಬರೀರಿ. ಅದಕ್ಕೆ ವಿನಾಯಿತಿ ಇದೆ. ಒಂದೇ ಸಾಲು ಸಾಕು."

ಒಂದೇ ಸಾಲು. ಸಾಹೇಬರು ಪೆನ್ನು ಹಿಡಿದರು. ಅದೇ ಹೊತ್ತಿಗೆ ಹೆಂಡತಿ ಎಚ್ಚರವಾಗಿ "ಏನು, ಕಂಪ್ಲೇಂಟಾ? ಎಲ್ಲಿ, ನೋಡೋಣ" ಎಂದು ಖಾಲಿ ಸೀಟಿನ ಮೇಲೆ ಬಗ್ಗಿದಳು. ಮೂವತ್ತೆಂಟು ವರ್ಷ ಮನೆಯಲ್ಲಿ ಗತ್ತಿನಿಂದ ಓಡಾಡಿದ ಗಂಡಸು, ಮೂತ್ರ ತಡೆಯಲಾಗಲಿಲ್ಲ ಎಂದು ಹೆಂಡತಿಯ ಕಣ್ಣೆದುರೇ ಬರೆಯಬೇಕು. ಅದಕ್ಕಿಂತ ರೌಡಿಯಾಗುವುದು ಮೇಲು ಎಂದು ಅವರಿಗೆ ಥಟ್ಟನೆ ಕಂಡಿತು. ಹಾಳೆಯನ್ನು ಅಂಗೈಯಿಂದ ಮರೆಮಾಡಿ ಬರೆದರು: "ಮೇಲೆ ಬರೆದಿರುವುದು ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಹೇಳಿದ ಮಾತು. ವಾಸ್ತವವಾಗಿ ನಾನೇ ದೀಪವನ್ನು ಲೆಕ್ಕಿಸದೆ ಎದ್ದೆ. ಕುಳಿತುಕೊಳ್ಳಿ ಎಂದ ಸಿಬ್ಬಂದಿಯನ್ನು ಗದರಿಸಿ, ಅವರ ಕೈಯನ್ನು ತಳ್ಳಿದೆ. ಇತರರ ಸುರಕ್ಷತೆಗಾಗಿ ಅವರು ಅನಿವಾರ್ಯವಾಗಿ ಎದ್ದು ಬಂದು ನನ್ನನ್ನು ಹಿಡಿಯಬೇಕಾಯಿತು. ನನ್ನ ನಡತೆ ಅತೃಪ್ತಿಕರ." ಎಷ್ಟು ಭದ್ರವಾದ ಒಕ್ಕಣೆ, ಎಲ್ಲೂ ಎಳೆ ಸಿಕ್ಕುವುದಿಲ್ಲ ಎಂದು ಇಷ್ಟರಲ್ಲೂ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು. "ಸರ್, ಹೀಗೆ ಬರೆದ್ರೆ ನಾನು ಕ್ಯಾಪ್ಟನ್ನಿಗೆ ಹೇಳಲೇಬೇಕು. ಕೆಳಗೆ ಸೆಕ್ಯುರಿಟಿಯೋರು ಕಾದಿರ್ತಾರೆ" ಎಂದಳು ಹಿರಿಯಳು. "ಕಾಯಲಿ" ಎಂದರು ಸಾಹೇಬರು. ಆಮೇಲೆ ವಿಮಾನ ಇಳಿಯುವವರೆಗೂ ಬೆನ್ನು ನೆಟ್ಟಗೆ ಮಾಡಿ, ತಾವೊಬ್ಬ ದೊಡ್ಡ ತ್ಯಾಗಿ ಎಂಬ ಭಾವನೆಯಲ್ಲಿ, ಒದ್ದೆ ಪ್ಯಾಂಟಿನ ಚಳಿಯನ್ನೂ ಮರೆತು ಕುಳಿತಿದ್ದರು. ಅವಳಿಗೆ ಇದು ಯಾವಾಗಲಾದರೂ ನೆನಪಾಗುತ್ತದೆ, ಮಕ್ಕಳಿಗೆ ಹೇಳುತ್ತಾಳೆ ಎಂದೆಲ್ಲ ಯೋಚಿಸಿದರು.

ತ್ಯಾಗಕ್ಕೆ ಸಿಕ್ಕ ಜಾಗ ಕಿಟಕಿಯಿಲ್ಲದ ಒಂದು ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬೆಂಚು, ಕೆಟ್ಟ ಗಡಿಯಾರ. ಮೇಜಿನ ಹಿಂದೆ ಭದ್ರತಾ ಅಧಿಕಾರಿ, ಅಳಿಯನ ವಯಸ್ಸಿನವನು, ಹಾಳೆಯನ್ನು ಓದಿ ಆಕಳಿಸಿದ. "ಏನ್ರೀ ಯಜಮಾನ್ರೇ, ಈ ವಯಸ್ಸಲ್ಲಿ ಹುಡುಗಿ ಕೈ ತಳ್ಳಿದ್ರಂತೆ. ಕುಡಿದಿದ್ರಾ?" ಎಂದ. ಸಾಹೇಬರು ಕಲ್ಪಿಸಿಕೊಂಡಿದ್ದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಹುಡುಗಿಯನ್ನೂ ಕರೆಸಿದ್ದರು. ಅವಳು ಗೋಡೆಯ ಪಕ್ಕ ಬೆಂಚಿನ ತುದಿಯಲ್ಲಿ, ಎದ್ದು ಓಡುವವಳ ಹಾಗೆ, ಕುಳಿತಿದ್ದಳು. ಹೆಂಡತಿಯನ್ನು ಹೊರಗಿರಿ ಎಂದಿದ್ದರು, ಅವಳು ಕೇಳುವ ಪೈಕಿಯೇ. "ನಾನು ಇವರ ಹೆಂಡತಿ, ಹೊರಗೆ ನಿಲ್ಲೋಕೆ ಸಾಮಾನಲ್ಲ" ಎಂದು ಒಳಗೆ ಬಂದೇ ಬಂದಿದ್ದಳು. ಮುಖ ಅವಮಾನದಿಂದ ಕಪ್ಪಿಟ್ಟಿತ್ತು.

"ತಪ್ಪು ಒಪ್ಕೊಂಡಿದ್ದೇನಲ್ಲ. ಬರೆದುಕೊಳ್ಳಿ, ಸಹಿ ಮಾಡ್ತೀನಿ" ಎಂದರು ಸಾಹೇಬರು.

ಅಧಿಕಾರಿ ಮೇಲಿನಿಂದ ಕೆಳಗೆ ನೋಡಿದ. "ಪ್ಯಾಂಟ್ ಯಾಕೆ ಒದ್ದೆ?"

ಸಾಹೇಬರು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಳು. "ಅದು ಕೇಳಿ! ಅದನ್ನ ಕೇಳಿ ಮೊದ್ಲು. ಈ ಹುಡುಗೀನೇ ನೀರು ಸುರಿದಿದ್ದು. ಒಂದು ಲೋಟ ಪೂರ್ತಿ. ನಮ್ಮೋರು ಅಂಥೋರಲ್ಲ ಸ್ವಾಮಿ, ಎದುರು ಬದುರು ಏನೋ ಮಾತು ಬಂದಿರ್ಬೇಕು, ಅದರ ಸಿಟ್ಟಿಗೆ ಬೇಕು ಅಂತಲೇ ಚೆಲ್ಲಿದ್ದಾಳೆ. ನಾನು ಕಣ್ಣಾರೆ ನೋಡ್ದೆ, ಪೇಪರ್ ಸರಿಸಿ ಚೆಲ್ಲಿದ್ಳು!"

ಅಧಿಕಾರಿಯ ಆಕಳಿಕೆ ಅಲ್ಲಿಗೆ ನಿಂತಿತು. ಇನ್ನೊಂದು ಹಾಳೆ ಎಳೆದುಕೊಂಡ. "ಹೌದೇನಮ್ಮ? ಪ್ಯಾಸೆಂಜರ್ ಮೇಲೆ ನೀರು ಚೆಲ್ಲಿದೆಯಾ? ಇದು ಬೇರೆ ಕೇಸಾಗುತ್ತೆ ನೋಡು."

ಹುಡುಗಿ ಎದ್ದು ನಿಂತಳು. "ಚೆಲ್ಲಿದೆ ಸರ್" ಎಂದಳು. "ಕೈ ಜಾರ್ತು."

"ಪೇಪರ್ ಸರಿಸಿ ಜಾರ್ತಾ?"

ನಿಜ ಹೇಳಿದ್ದರೆ ಅವಳು ಬಚಾವಾಗುತ್ತಿದ್ದಳು, ಅದು ಸಾಹೇಬರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಹೇಳಲಿಲ್ಲ. ಅಧಿಕಾರಿಯ ಪೆನ್ನು ಹಾಳೆಯ ಮೇಲೆ ಸರಸರ ಓಡುತ್ತಿತ್ತು, ಆ ಸದ್ದು ಸಾಹೇಬರಿಗೆ ಚೆನ್ನಾಗಿ ಪರಿಚಿತವಾದದ್ದು. ಒಬ್ಬರ ಅನ್ನ ಹೋಗುವಾಗ ಅಷ್ಟೇ ಸದ್ದಾಗುತ್ತದೆ, ಅದಕ್ಕಿಂತ ಹೆಚ್ಚಾಗುವುದಿಲ್ಲ. ಅವರಿಗೆ ತಮ್ಮ ಇಡೀ ತ್ಯಾಗ, ಆ ಭದ್ರವಾದ ಒಕ್ಕಣೆ, ಎಲ್ಲವೂ ಅಂಗೈಯಗಲದ ಒಂದು ಕಲೆಯನ್ನು ಮುಚ್ಚುವ ದಿನಪತ್ರಿಕೆಯಾಗಿ ಕಂಡಿತು. ತಮ್ಮ ಮೇಲೆ ಅಸಹ್ಯವಾಯಿತು.

"ಬರೀಬೇಡಿ" ಎಂದರು. ಮೇಜಿನ ಹತ್ತಿರ ಬಂದು ಮತ್ತೆ ಹೇಳಿದರು. "ಬರೀಬೇಡಿ ಅದನ್ನ. ನಾನು ಪ್ಯಾಂಟಲ್ಲೇ ಉಚ್ಚೆ ಮಾಡ್ಕೊಂಡಿದ್ದೆ."

ಪೆನ್ನು ನಿಂತಿತು.

"ನನಗೆ ತಡೆಯೋಕಾಗಲ್ಲ ಈಗ. ದೀಪ ಉರೀತಿತ್ತು ಅಂತ ಕೂತೇ ಇದ್ದೆ, ಆಗ್ಹೋಯ್ತು. ಈ ಹುಡುಗಿ ನೋಡಿ, ಎದ್ದು ಬಂದು ಕರ್ಕೊಂಡು ಹೋದಳು. ಯಾರಿಗೂ ಗೊತ್ತಾಗ್ದೇ ಇರ್ಲಿ ಅಂತ ಆಮೇಲೆ ನೀರು ಚೆಲ್ಲಿ, ತಪ್ಪು ತನ್ನ ತಲೆ ಮೇಲೆ ಹಾಕ್ಕೊಂಡ್ಳು. ನಾನು ಯಾರ ಕೈಯನ್ನೂ ತಳ್ಳಲಿಲ್ಲ. ಬರೆದದ್ದೆಲ್ಲ ಸುಳ್ಳು. ತಿದ್ತೀನಿ, ಆ ಹಾಳೆ ಈ ಕಡೆ ಕೊಡಿ."

ಅಧಿಕಾರಿ ಮೊದಲು ಸಾಹೇಬರ ಪ್ಯಾಂಟನ್ನು ನೋಡಿದ, ಆಮೇಲೆ ನೋಡಿದ್ದಕ್ಕೆ ಮುಜುಗರಪಟ್ಟು ಕೆಟ್ಟ ಗಡಿಯಾರವನ್ನು ನೋಡಿದ. "ಇದು ನಿಜಾನೇನಮ್ಮ?" ಎಂದು ಹುಡುಗಿಯನ್ನು ಕೇಳಿದ. ಅವಳು ಸಾಹೇಬರ ಕಡೆ ತಿರುಗಿದಳು. ಅವರು ತಲೆಯಾಡಿಸಿದರು, ಹೇಳು ಎಂಬ ಹಾಗೆ. "ಹೌದು ಸರ್" ಎಂದಳು. ಅವಳ ಮುಖದಲ್ಲಿ ಕಂಪನಿ ಕಲಿಸಿದ ನಗು ಎಲ್ಲೂ ಕಾಣಲಿಲ್ಲ. ಅಧಿಕಾರಿ ಹೊಸ ಹಾಳೆಯನ್ನು ಮುದುರಿ ಬುಟ್ಟಿಗೆ ಹಾಕಿ, ಹಳೆಯ ಹಾಳೆಯ ಅಂಚಿನಲ್ಲಿ 'ವೈದ್ಯಕೀಯ ತುರ್ತು' ಎಂದು ಬರೆದು ಸಾಹೇಬರ ಕಡೆ ತಳ್ಳಿದ. ಸಾಹೇಬರು ತಾವು ಬರೆದ ಎರಡು ಟಿಪ್ಪಣಿಗಳನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ಪೆನ್ನಿನ ಮೊನೆ ಒಂದು ಕಡೆ ಹಾಳೆಯನ್ನು ಹರಿಯಿತು. ಸಹಿ ಹಾಕಿದರು. "ಹೋಗಿ ಯಜಮಾನ್ರೇ, ಹುಷಾರು" ಎಂದ ಅಧಿಕಾರಿ. ಮೊದಲಿನ ಗತ್ತು ಹೋಗಿ ಆ ದನಿಯಲ್ಲಿ ಬರೀ ಕನಿಕರ ಉಳಿದಿತ್ತು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬಾಗಿಲಲ್ಲಿ ಹುಡುಗಿಯ ಮುಂದೆ ಅವರು ನಿಂತರು. ಅವಳೇ ಬಗ್ಗಿ, ಅವರ ಪ್ಯಾಂಟಿಗೆ ಅಂಟಿದ್ದ ಕಾಗದದ ಚೂರೊಂದನ್ನು ತೆಗೆದು, "ಬರ್ತೀನಿ ಸರ್" ಎಂದು ಹೋದಳು.

ಸಾಮಾನು ಬರುವ ಹಾಲಿನವರೆಗೆ ಹೆಂಡತಿ ಮುಂದೆ ಮುಂದೆ ನಡೆದಳು. ತಿರುಗುವ ಪಟ್ಟಿಯ ಮೇಲೆ ಬೇರೆಯವರ ಪೆಟ್ಟಿಗೆಗಳು ಸುತ್ತು ಹಾಕುತ್ತಿದ್ದವು. ಸಾಹೇಬರು ಕೈಚೀಲವನ್ನು ಮುಂದೆ ಹಿಡಿದುಕೊಂಡು ಅವಳಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಬೈಯುತ್ತಾಳೆ ಎಂದು ಕಾದರು. ಬೈದರೆ ಸಾಕು ಎನಿಸುತ್ತಿತ್ತು.

"ಎಷ್ಟು ದಿನದಿಂದ?" ಎಂದಳು, ತಿರುಗದೆ.

"ಆರೇಳು ತಿಂಗಳಾಯ್ತು."

"ಅದಕ್ಕೇನಾ ನಿಮ್ಮ ಬಟ್ಟೆ ನೀವೇ ಒಗೆದ್ಕೋತಾ ಇದ್ದಿದ್ದು?"

ಸಾಹೇಬರು ಹೂಂ ಎಂದರು.

"ನನ್ನ ಸೊಂಟ ನೋವು ನೋಡಿ ಒಗೀತಿದ್ದೀರಿ ಅಂದ್ಕೊಂಡಿದ್ದೆ" ಎಂದಳು ಹೆಂಡತಿ. "ಮಗಳ ಹತ್ರ ಎಷ್ಟು ಹೇಳ್ಕೊಂಡೆ ಗೊತ್ತಾ, ನಿಮ್ಮಪ್ಪ ಈಗ ಎಷ್ಟು ಬದಲಾಗಿದ್ದಾರೆ ಅಂತ."